ತಿಜೋರಿಗೂ ಮಾವನವರ ಹುಟ್ಟಿದ ದಿನಕ್ಕೂ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಿಜೋರಿಯ ಬಣ್ಣ ಬೂದಿ ಎಂದು ನನ್ನ ನೆನಪು; ನಮ್ಮವರು ಕಪ್ಪು ಎನ್ನುತ್ತಾರೆ. ತಿಜೋರಿ ಈಗಲೂ ಗಜೇಂದ್ರಗಡದ ನಮ್ಮ ಮನೆಯ ನಡುಕೋಣೆಯಲ್ಲೇ ಇದೆ, ಎದ್ದು ಹೋಗಿ ನೋಡಿದರೆ ಮುಗಿದುಹೋಗುತ್ತದೆ. ಆದರೆ ಅತ್ತೆಯವರು ಅದಕ್ಕೆ ಮುಂದಿನಿಂದ ಹಿಂದಿನವರೆಗೆ ಕಸೂತಿಯ ಬಟ್ಟೆ ಹೊದಿಸಿಟ್ಟಿದ್ದಾರೆ; ಅದನ್ನು ಸರಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ನಾನು ರೋಣದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಒಬ್ಬರ ನೆನಪನ್ನೇ ಆಧಾರ ಎಂದು ನಂಬಬೇಡಿ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ, ನೆನಪಿದ್ದರೆ. ಸಾಲದ್ದಕ್ಕೆ ದಿನಚರಿ ಬರೆಯುವ ಚಟ ಬೇರೆ. ದಿನಚರಿ ಬರೆಯುವವರಿಗೆ ಎಲ್ಲವೂ ನೆನಪಿರುತ್ತದೆ ಎಂದು ಜನ ತಿಳಿಯುತ್ತಾರೆ. ನನ್ನ ಅನುಭವ ಬೇರೆಯೇ. ಹೇಗೂ ಬರೆದಿಟ್ಟಾಯಿತಲ್ಲ ಎಂದು ತಲೆ ಕೈತೊಳೆದುಕೊಳ್ಳುತ್ತದೆ. ಆಮೇಲೆ ಪುಟ ತೆಗೆದು ನೋಡಿದರೆ ಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ. ನಾನು ಹೇಳಹೊರಟಿರುವ ಆ ಶನಿವಾರದ ಪುಟದಲ್ಲಿ ಇರುವುದು ಇಷ್ಟೇ: "ತಿಜೋರಿ. ತಲೆನೋವು. ಬದನೆಕಾಯಿ ಎಣ್ಣೆಗಾಯಿ ರುಚಿಯಾಗಿತ್ತು." ಇದನ್ನು ಇಟ್ಟುಕೊಂಡು ಯಾರಾದರೂ ಇತಿಹಾಸ ಬರೆಯಲಿ ನೋಡೋಣ.

ತಿಜೋರಿ ತಂದವರು ನಮ್ಮ ಮಾವ. ಅವರದು ಬಜಾರಿನಲ್ಲಿ ಸೀರೆ ಅಂಗಡಿ. ತಲೆಮಾರಿನಿಂದ ಬಂದ ಕಬ್ಬಿಣದ ತಿಜೋರಿ ಪಾಲಾಗುವಾಗ ಕಾಕಾನ ಕಡೆ ಹೋಯಿತು. ಆ ತಿಜೋರಿಯ ಬಾಗಿಲು ತೆರೆದರೆ ಓಣಿಯ ಕೊನೆಗೂ ಕೇಳಿಸುತ್ತಿತ್ತು, ಅದೇ ಅದರ ಭದ್ರತೆ. ಅದು ಹೋದ ಮೇಲೆ ಮಾವನವರಿಗೆ ಮನೆ ಬೋಳು ಬೋಳಾಗಿ ಕಂಡಿರಬೇಕು. ಹುಬ್ಬಳ್ಳಿಗೆ ಮಾಲು ತರಲು ಹೋದವರು ಸೀರೆಯ ಗಂಟಿನ ಜೊತೆ ಈ ಡಿಜಿಟಲ್ ತಿಜೋರಿಯನ್ನೂ ಟೆಂಪೋದಲ್ಲಿ ಹೇರಿಕೊಂಡು ಬಂದರು. ಮುಂದುಗಡೆ ಅಂಕಿಯ ಗುಂಡಿಗಳು, ಪಕ್ಕದಲ್ಲಿ ತಿರುವಲು ಒಂದು ಗುಬಟಿ. ನಂಬರು ಮರೆತುಹೋದರೆ ಇರಲಿ ಎಂದು ಒಂದು ಕೀಲಿಯನ್ನೂ ಕೊಟ್ಟಿದ್ದರು; ಅದರ ತೂತು ಒಂದು ಸಣ್ಣ ತಗಡಿನ ಹಿಂದೆ ಅಡಗಿತ್ತು. ನಂಬರು ಏನಿಡಬೇಕು ಎಂದು ಮಾವನವರು ಯೋಚನೆಯನ್ನೇ ಮಾಡಲಿಲ್ಲ, ತಮ್ಮ ಹುಟ್ಟಿದ ದಿನವನ್ನು ಅಂಗಡಿಯವನ ಕೈಯಲ್ಲೇ ಹಾಕಿಸಿಕೊಂಡು ಬಂದಿದ್ದರು. ಜೂನ್ ಒಂದು.

ಇಲ್ಲಿ ಒಂದು ತೊಡಕಿತ್ತು. ಮಾವನವರು ಬಾಯಿಬಿಟ್ಟು ಹೇಳದೆ ಯಾವ ಅಂಕಿಯನ್ನೂ ಮುಟ್ಟುವವರಲ್ಲ. ಗಿರಾಕಿಯ ಮುಂದೆ ಸೀರೆಯನ್ನು ಎಣಿಸಿ ಎಣಿಸಿ ಹಾಕಿದ ರೂಢಿ ಅದು. ಫೋನು ಹಚ್ಚುವಾಗಲೂ ಹಾಗೆಯೇ. ತಿಜೋರಿಯ ಮುಂದೆ ಕೂತು "ಸೊನ್ನಿ, ಒಂದ, ಸೊನ್ನಿ, ಆರ" ಎಂದು ರಾಗವಾಗಿ ಹೇಳುತ್ತ ಒತ್ತಿದರೆ, ಅಡುಗೆಮನೆಯಲ್ಲಿದ್ದ ನಾನು ಅವರು ತಿಜೋರಿ ತೆರೆದರೆಂದು ತಿಳಿದು ಚಹಾಕ್ಕೆ ಇಡುತ್ತಿದ್ದೆ. ಬಹುಶಃ ಆಚೆಮನೆಯವರೂ ಇಡುತ್ತಿದ್ದರು.

ಹೀಗಿರುವಾಗ ನನ್ನ ನಾದಿನಿ ಶೈಲಾಳ ಮೊದಲ ದೀಪಾವಳಿ ಬಂತು. ಅವಳನ್ನು ಆ ಬೇಸಿಗೆಯಲ್ಲಿ ನರಗುಂದಕ್ಕೆ ಕೊಟ್ಟಿದ್ದೆವು. ಬೀಗರು ಮನೆ ಕಟ್ಟಿಸುತ್ತಿದ್ದರು. ಗೌಂಡಿಗಳು ಬರುವ ಹೋಗುವ ಮನೆಯಲ್ಲಿ ಬಂಗಾರ ಎಲ್ಲಿಡುವುದು ಎಂದು ಅವರಿಗೆ ಚಿಂತೆ. ನಮ್ಮ ಮಾವ ಎದೆ ಮುಂದೆ ಮಾಡಿ, "ನಮ್ಮಲ್ಲೆ ಡಿಜಿಟಲ್ ತಿಜೋರಿ ಐತ್ರಿ ಬೀಗರ. ಇಲ್ಲೇ ಇರ್ಲಿ ಬಿಡ್ರಿ, ಗಾಳಿ ಸೈತ ಹೋಗೂದಿಲ್ಲ" ಎಂದುಬಿಟ್ಟಿದ್ದರು. ಹಾಗಾಗಿ ಅತ್ತೆಮನೆಯವರು ಹಾಕಿದ್ದ ಬಿಲ್ವಾರದ ಬಳೆಗಳನ್ನೂ ಕೊರಳ ಬೋರಮಾಳವನ್ನೂ ಶೈಲಾ ಹಬ್ಬಕ್ಕೆ ಬಂದಾಗ ಜೊತೆಗೆ ತಂದಳು. ಅಮಾವಾಸ್ಯೆಯ ದಿನ ತಿಜೋರಿಯನ್ನು ತೆರೆದು, ಒಳಗೆ ಲಕ್ಷ್ಮಿಯ ಫೋಟೋ ಇಟ್ಟು, ಆಭರಣ ಮುಂದಿಟ್ಟು ಪೂಜೆ ಮಾಡಿದೆವು. ಆಗಲೇ ಶೈಲಾ ಕೆಣಕಿದ್ದು. "ಅಪ್ಪಾ, ಜೂನ್ ಒಂದ ಅಂದ್ರ ನಂಬರ ಅಲ್ಲ, ಜಾತ್ರಿ. ನಿಮ್ಮ ಕಾಲದಾಗ ಸಾಲಿಗೆ ಹೆಸರ ಹಚ್ಚಿದವರೆಲ್ಲಾ ಜೂನ್ ಒಂದಕ್ಕ ಹುಟ್ಟ್ಯಾರ. ಮಾಸ್ತರ ಎಲ್ಲಾರಿಗೂ ಅದನ್ನ ಬರೀತಿದ್ರು. ಕಳ್ಳನೂ ಅವತ್ತ ಹುಟ್ಟಿರ್ತಾನ, ಬಂದು ತನ್ನ ಹುಟ್ಟಿದ ದಿನಾ ಒತ್ತಿದ್ರೂ ನಿನ್ನ ತಿಜೋರಿ ತೆರೀತೈತಿ."

ಎಲ್ಲರೂ ನಕ್ಕರು. ನಾನೂ ನಗಲು ಹೊರಟು, ಏನೋ ನೆನಪಾಗಿ, ಕರ್ಪೂರ ಹುಡುಕಲು ಎದ್ದೆ.

ಮಾವನವರಿಗೆ ಮಾತು ನಾಟಿತು. ಖರೇ ಹುಟ್ಟಿದ ದಿನ ತಿಳಿಯಲೇಬೇಕು ಎಂದು ಆಗಿಂದಾಗಲೇ ಜಕ್ಕಲಿಗೆ ಫೋನು ಹಚ್ಚಿದರು. ಅಲ್ಲಿ ಅವರ ಅಕ್ಕ ಇದ್ದಾರೆ. ಮನೆಯಲ್ಲಿ ಎಲ್ಲರೂ ಅವರನ್ನು ಜಕ್ಕಲಿ ಅಕ್ಕ ಎಂದೇ ಕರೆಯುತ್ತೇವೆ. ಫೋನು ಅವರ ಪಕ್ಕದ ಮನೆಯದು. ಅಕ್ಕ ಓಡಿ ಬಂದು, ಯಾರಿಗೇನಾಯಿತೋ ಎಂದು ಗಾಬರಿಯಲ್ಲೇ "ಕಾರಹುಣ್ಣಿಮಿ ಮರುದಿವ್ಸ" ಎಂದು ಹೇಳಿ ಫೋನು ಇಟ್ಟರಂತೆ. ಮಾವನವರು ಗೋಡೆಯ ಕ್ಯಾಲೆಂಡರಿನಲ್ಲಿ ಕಾರಹುಣ್ಣಿಮೆ ಹುಡುಕಿ, ಮರುದಿನದ ತಾರೀಖು ಹಿಡಿದು, ತಿಜೋರಿಯ ಮುಂದೆ ಕೂತರು. ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಅಂಕಿ ಒತ್ತಿದರು. ತಿಜೋರಿ ಕುಂಯ್ ಕುಂಯ್ ಎಂದು ಕೂಗಿ ಕೆಂಪು ದೀಪ ತೋರಿಸಿತು. "ಒಪ್ಪಿಗೊಂಡ್ತು" ಎಂದರು ಮಾವ. ನಾವೂ ಹೌದೆಂದೆವು. ಬಾಗಿಲು ಹಾಕಿ ಗುಬಟಿ ತಿರುವಿದರು. ಅವರು ಹುಟ್ಟಿದ್ದು ಯಾವ ವರ್ಷವೋ, ಕ್ಯಾಲೆಂಡರು ಯಾವ ವರ್ಷದ್ದೋ, ಹುಣ್ಣಿಮೆ ಪ್ರತಿ ವರ್ಷ ಅದೇ ತಾರೀಖಿಗೆ ಬರುತ್ತದೆಯೇ ಎಂದು ನಾನು ಕೇಳಬೇಕೆಂದಿದ್ದೆ. ಆದರೆ ಹೋಳಿಗೆ ಆರುತ್ತಿತ್ತು.

ಆಮೇಲೆ ತಿಜೋರಿ ತೆರೆಯುವ ಪ್ರಸಂಗವೇ ಬರಲಿಲ್ಲ, ಶೈಲಾಳ ಕುಬಸದವರೆಗೆ. ಬಸುರಿಗೆ ಏಳನೇ ತಿಂಗಳಲ್ಲಿ ಮಾಡುವ ಕುಬಸ ನಮ್ಮಲ್ಲೇ, ಭಾನುವಾರ ಎಂದು ಗೊತ್ತಾಗಿತ್ತು. ನರಗುಂದದ ಬೀಗರು ಬುತ್ತಿ ಕಟ್ಟಿಕೊಂಡು ಬರುವವರು. ಹಸಿರು ಸೀರೆ, ಹಸಿರು ಬಳೆಯ ನಡುವೆ ಅವರು ಹಾಕಿದ ಬಿಲ್ವಾರ ಮಿನುಗಲೇಬೇಕು. ಮಿನುಗದಿದ್ದರೆ ಶೈಲಾಳ ಅತ್ತೆ ಏನೂ ಅನ್ನುವುದಿಲ್ಲ, ಸುಮ್ಮನೆ ಸೊಸೆಯ ಕೈ ನೋಡಿ, ಆಮೇಲೆ ನಮ್ಮ ಅಂಗಡಿಯ ಕಡೆ ನೋಡುತ್ತಾರೆ. ಅಷ್ಟು ಸಾಕು. ಗಜೇಂದ್ರಗಡದವರು ಸೊಸೆಯ ಬಂಗಾರ ಒತ್ತೆ ಇಟ್ಟು ಮಾಲು ತಂದಿದ್ದಾರೆ ಎಂದು ನರಗುಂದದ ತುಂಬ ಆಗುತ್ತದೆ, ಶೈಲಾ ಬಾಳಿಡೀ ಅದನ್ನು ಕೇಳಿಸಿಕೊಳ್ಳಬೇಕು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡ ಹುಡುಗಿ, ಮೂರು ಹೊತ್ತೂ ಅದೇ ಚಿಂತೆಯಲ್ಲಿದ್ದಳು. ಆ ಚಿಂತೆ ಶುರುವಾದದ್ದು ಶುಕ್ರವಾರ. ಆ ದಿನ ಮಾವನವರು ಆರಾಮವಾಗಿ ಕೂತು, ನೆನಪಿದ್ದ ತಾರೀಖು ಒತ್ತಿದರು. ಕುಂಯ್ ಕುಂಯ್. ಕೆಂಪು ದೀಪ. ಮತ್ತೊಂದು ಸಲ, ಇನ್ನೊಂದು ಸಲ. ಆಮೇಲೆ ತಿಜೋರಿ ಮುನಿಸಿಕೊಂಡು ಯಾವ ಗುಂಡಿಗೂ ಓಗೊಡದೆ ಕೂತಿತು.

"ಕೀಲಿ ತಗೊಂಡು ಬಾ" ಎಂದರು ಮಾವ. ಎಲ್ಲರೂ ಅತ್ತೆಯವರ ಕಡೆ ನೋಡಿದೆವು. ಮನೆಯ ಕೀಲಿಗಳೆಲ್ಲ ಅವರ ಸೊಂಟದ ಗೊಂಚಲಿನಲ್ಲಿರುತ್ತವೆ. ಅದರಲ್ಲಿ ಎಂದೋ ಮಾರಿದ ಸೈಕಲ್ಲಿನ ಕೀಲಿಯೂ ಇದೆ, ತಿಜೋರಿಯದು ಇಲ್ಲ.

"ದೇವರ ಮುಂದ ಇಟ್ಟೀನಿ" ಎಂದರು ಅತ್ತೆ.

ದೇವರ ಕೋಣೆಯನ್ನು ಬುಡಮೇಲು ಮಾಡಿದೆವು. ಜಗಲಿಯ ಮೇಲಿನ ದೇವರನ್ನೆಲ್ಲ ಬುಟ್ಟಿಗಿಳಿಸಿ, ಗಂಧದ ಕೊರಡು, ಹತ್ತಿಯ ಬತ್ತಿ, ಹೋದ ವರ್ಷದ ಅಕ್ಕಿಕಾಳು ಎಲ್ಲವನ್ನೂ ಸೋಸಿದೆವು. ತುಳಸಿಯ ಕುಂಡ ನೋಡಿದೆವು. ಹುಣಸೆಹಣ್ಣಿನ ಗಡಿಗೆ ನೋಡಿದೆವು, ಯಾಕೆಂದು ಕೇಳಬೇಡಿ. ಮಾವನವರು ಕೀಲಿಯನ್ನು ಮಗನ ಕೈಗೆ ಕೊಟ್ಟದ್ದಾಗಿ ಹೇಳಿದರು. ನಮ್ಮವರು ನನ್ನ ಕೈಗೆ ಕೊಟ್ಟದ್ದಾಗಿ ಹೇಳಿದರು. ನನಗೂ ಕೊಟ್ಟಂತೆ ನೆನಪಾಗತೊಡಗಿತು. ಕೈಯಲ್ಲಿ ತಣ್ಣಗೆ ಹತ್ತಿದ್ದು ಸಹ ನೆನಪಾಯಿತು. ನೆನಪು ಎಂಥ ವಿಧೇಯ ಪ್ರಾಣಿ, ಯಾರು ಗಟ್ಟಿಯಾಗಿ ಕರೆದರೂ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ. ಅತ್ತೆಯವರು ಮಾತ್ರ ಬಾಗಿಲಿಗೆ ಒರಗಿ ನಿಂತು ಒಂದೇ ಮಾತು: "ದೇವರ ಮುಂದ ಇಟ್ಟೀನಿ. ನಿಮಗ ದೇವರು ಕಾಣಲಿಲ್ಲಂದ್ರ ನಾ ಏನ ಮಾಡ್ಲಿ?"

ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿದರೆ, ಬರುವ ವಾರ ಮಂದಿಯನ್ನು ಕಳಿಸುತ್ತೇವೆ ಎಂದರು. ಶನಿವಾರ ಬೆಳಿಗ್ಗೆ ನಮ್ಮವರು ಬಸ್‌ಸ್ಟ್ಯಾಂಡಿನ ಹತ್ತಿರ ಕೀಲಿ, ಛತ್ರಿ, ಸ್ಟೋವು ರಿಪೇರಿ ಮಾಡುವ ಹುಸೇನಸಾಬರನ್ನು ಗುಟ್ಟಾಗಿ ಕರೆತಂದರು. ಅವರು ಬಂದ ಗತ್ತು ನೋಡಿದರೆ ಅರ್ಧ ತೆರೆದೇ ಬಿಟ್ಟಿತು ಅನ್ನಿಸುತ್ತಿತ್ತು. ತಿಜೋರಿಯ ಸುತ್ತ ಒಂದು ಸುತ್ತು ಬಂದರು. ಕಿವಿ ಹಚ್ಚಿದರು. ತಗಡು ಸರಿಸಿ ತೂತಿನಲ್ಲಿ ತಂತಿ ಹಾಕಿ ತಿರುವಿದರು. ತಂತಿ ಬಗ್ಗಿತು. ಇನ್ನೊಂದು ತಂತಿ ಒಳಗೇ ಮುರಿಯುವುದು ಸ್ವಲ್ಪದರಲ್ಲಿ ತಪ್ಪಿತು.

"ಇದು ತಿಜೋರಿ ಅಲ್ರಿ ಮಾಲಕರ, ಟೆಲಿಫೋನ್ ಐತಿ" ಎಂದರು. "ಬ್ಯಾರೆ ದಾರಿ ಇಲ್ಲ. ಕೊರದ ತೆಗೀತೀನಿ."

"ಸಪ್ಪಳ ಆಗ್ತೈತೇನು?" ಮಾವ ಕೇಳಿದರು.

"ಭಾಳ ಏನಿಲ್ರಿ. ಗುಡ್ಡದ ಮ್ಯಾಗಿನ ಮಂದಿಗೆ ಕೇಳ್ಸೂದಿಲ್ಲ."

"ಊರಾಗಿನ ಮಂದಿಗೆ?"

"ಅವರಿಗೆ ಈಗಾಗಲೇ ಗೊತ್ತೈತಲ್ರಿ" ಎಂದು ಹುಸೇನಸಾಬರು ಚಹಾ ಮುಗಿಸಿ ಚೀಲ ಕಟ್ಟಿದರು. "ನಾ ಬರೂ ಮುಂದ ಪಾನಂಗಡ್ಯಾಗ ಕೇಳಿದ್ರು, ತಿಜೋರಿ ಮನಿಗೆ ಹೊಂಟಿಯೇನೋ ಅಂತ."

ಮಾವನವರ ಮುಖ ಸಣ್ಣದಾಯಿತು. ಕೊರೆಯುವುದು ಬೇಡ, ನಂಬರೇ ಹುಡುಕೋಣ ಎಂದರು. ದೀಪಾವಳಿಯಲ್ಲಿ ನೋಡಿದ ಕ್ಯಾಲೆಂಡರು ಸಿಕ್ಕರೆ ತಾರೀಖು ಪಕ್ಕಾ ಆಗುತ್ತದೆ. ಆದರೆ ಆ ವರ್ಷ ಮುಗಿದಿತ್ತು, ಕ್ಯಾಲೆಂಡರನ್ನು ಅತ್ತೆಯವರು ಹರಿದು ಅಡುಗೆಮನೆಯ ಗೋಡೆಯ ಮಾಡಿನಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದರು. ಒಂದೊಂದೇ ಡಬ್ಬಿ ಎತ್ತಿದೆವು. ಜನವರಿಯ ಮೇಲೆ ತೊಗರಿಬೇಳೆ, ಆಗಸ್ಟಿನ ಮೇಲೆ ಖಾರಪುಡಿ. ಜೂನ್ ತಿಂಗಳು ಎಣ್ಣೆಯ ಡಬ್ಬಿಯ ಅಡಿಗೆ ಸಿಕ್ಕಿತು, ಬೆಳಕಿಗೆ ಹಿಡಿದರೆ ಆಚೆಕಡೆ ಕಾಣುವಂತೆ. ಕಾರಹುಣ್ಣಿಮೆಯ ಮರುದಿನ ಮಾವನವರು ಹೇಳಿದ್ದೇ ಇತ್ತು. ಎಲ್ಲರ ಮುಖದ ಮೇಲೂ ಕಳೆ ಬಂತು. ಒತ್ತಿದರು. ಕುಂಯ್ ಕುಂಯ್.

ಆಗ ಶೈಲಾ ಗೋಡೆಗೊರಗಿ ಕೂತು, "ವೈನಿ, ನಾಳೆ ಅವರು ನನ್ನ ಕೈ ನೋಡಿದ ಕೂಡಲೇ ನನಗ ಹೊಟ್ಟಿ ನೋವು ಬಂದಾಂಗ ಮಾಡ್ಲೇನು?" ಎಂದಳು. ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ತುಂಬಿತ್ತು. ನಾನು ಪಕ್ಕದಲ್ಲಿ ಕೂತು, ನಾನೇ ನಿಮ್ಮ ಅತ್ತೆಗೆ ಎಲ್ಲ ಹೇಳುತ್ತೇನೆ ಎಂದೆ. "ನೀವು ಇತಿಹಾಸ ಸುರು ಮಾಡಿದ್ರ ಅವರು ಬ್ಯಾಸತ್ತು ಬಂಗಾರ ಮರೀಬಹುದು" ಎಂದಳು. ಅದೂ ಒಂದು ದಾರಿಯೇ.

ಆ ಹೊತ್ತಿಗೆ ಜಕ್ಕಲಿ ಅಕ್ಕ ಕುಬಸಕ್ಕೆಂದು ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಸ್ಸಿಳಿದು ಬಂದರು. ಕಾಲಿಗೆ ನೀರು ಕೊಡುವುದಕ್ಕೂ ಬಿಡದೆ ಮಾವನವರು ಅವರನ್ನು ತಿಜೋರಿಯ ಮುಂದೆ ಕೂರಿಸಿದರು. "ಅಕ್ಕಾ, ನಾ ಹುಟ್ಟಿದ್ದು ಕಾರಹುಣ್ಣಿಮಿ ಮರುದಿವ್ಸ ಹೌದಿಲ್ಲೋ?"

"ಯಾರ ಹೇಳಿದ್ರು?"

"ನೀನ. ಫೋನಿನ್ಯಾಗ."

"ನಾ ಎಲ್ಲಿ ಹೇಳೀನಿ? ಎಳ್ಳಮಾಸಿ ಮುಂದ ಹುಟ್ಟೀಯಪ್ಪ ನೀ. ಅವ್ವ ಹೊಲಕ್ಕ ಚರಗ ಚೆಲ್ಲಾಕ ಹೊಂಟಾಕಿ ಅರ್ಧ ದಾರ್‍ಯಾಗಿಂದ ತಿರುಗಿ ಬಂದಿದ್ಲು." ಖರೇ ಹುಟ್ಟಿದ ದಿನ ತಿಜೋರಿಗೇ ಗೊತ್ತಿದೆಯೇನೋ ಎಂಬಂತೆ ಮಾವನವರು ಎಳ್ಳಮಾವಾಸ್ಯೆಯ ತಾರೀಖು ಹುಡುಕಿ ಒತ್ತಿದರು. ಕುಂಯ್. ಅಕ್ಕ ಸ್ವಲ್ಪ ಯೋಚನೆ ಮಾಡಿ, "ಅಲ್ಲ, ಅದು ನಮ್ಮ ಸಣ್ಣ ತಂಗಿ ಹುಟ್ಟಿದಾಗ. ನೀ ಪಂಚಮಿಗೆ. ಜೋಕಾಲಿ ಕಟ್ಟಿದ್ರು, ನನ್ನ ಇಳಿಸಿ ಒಳಗ ಕರಕೊಂಡ ಹೋದ್ರು, ನನಗ ಭಾಳ ಸಿಟ್ಟ ಬಂದಿತ್ತು" ಎಂದರು. ಪಂಚಮಿಯನ್ನೂ ಒತ್ತಿದ್ದಾಯಿತು. ತಿಜೋರಿ ಮತ್ತೆ ಮುನಿಸಿಕೊಂಡಿತು. ಅದರ ಮುನಿಸು ಇಳಿಯುವ ತನಕ ಅಕ್ಕ ಇನ್ನೂ ಒಂದೆರಡು ಹುಟ್ಟು ಹೇಳಿದರು. ಎಲ್ಲವೂ ಕಣ್ಣಿಗೆ ಕಟ್ಟುವಂತೆ, ಒಂದಕ್ಕೊಂದು ತಾಳೆಯಾಗದಂತೆ. ಇತಿಹಾಸದವಳಾದ ನನಗೆ ಯಾವ ಸಾಕ್ಷಿಯನ್ನು ಬಿಡಬೇಕೋ ತಿಳಿಯದೆ ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಂಡು ಕೂತಿದ್ದೆ.

"ನೆಟ್ಟಗ ಒಂದ ಹೇಳಬೇ" ಎಂದು ಮಾವನವರು ದನಿ ಏರಿಸಿದರು. ಆಗ ಅಕ್ಕನಿಗೂ ರೇಗಿತು.

"ನಾ ಏನ ಸೂಲಗಿತ್ತೇನೋ ನಿನಗ? ನಾನೂ ಸಣ್ಣಾಕಿ ಇದ್ನಿ. ಹಬ್ಬದ ದಿನಾ ಮಂದೀನ ಗಾಬರಿ ಮಾಡಿ ಫೋನಿಗೆ ಕರೀತಿ, ಏನರ ಹೇಳಬೇಕಲ್ಲ ಅಂತ ಹೇಳಿರ್ತೀನಿ. ನಾ ಖರೇ ಕಣ್ಣಾರೆ ನೋಡಿದ್ದು ಒಂದ. ನಿನ್ನ ಸಾಲಿಗೆ ಹೆಸರ ಹಚ್ಚಾಕ ನಾನ ಕರಕೊಂಡ ಹೋಗಿದ್ನಿ. ಯಾವಾಗ ಹುಟ್ಯಾನವ್ವ ಅಂತ ಮಾಸ್ತರ ಕೇಳಿದ್ರು. ಮುಂದಿನ ಹಲ್ಲ ಬಿದ್ದಾವ್ರಿ ಅಂದ್ನಿ. ಮಾಸ್ತರ ನಕ್ಕು ಜೂನ್ ಒಂದ ಬರದ್ರು. ಅದನ್ನ ಒತ್ತು."

"ಅದನ್ನ ನಾ ಬದಲ ಮಾಡೀನಲ್ಲ."

"ಮಾಡಿದ್ರ ಮಾಡಿದಿ. ಒತ್ತು."

ಮಾವನವರು ಅಕ್ಕನ ಬಾಯಿ ಮುಚ್ಚಿಸಲೆಂದೇ ಕೂತರು. ಬೇಸರದಲ್ಲಿ ಹಳೆಯ ರೂಢಿಯೂ ಮರಳಿತ್ತು. "ಸೊನ್ನಿ. ಒಂದ. ಸೊನ್ನಿ. ಆರ." ಹಸಿರು ದೀಪ ಹತ್ತಿತು. ಗುಬಟಿ ತಿರುಗಿತು. ಬಾಗಿಲು ಸಪ್ಪಳವಿಲ್ಲದೆ, ನಾಚಿಕೊಂಡಂತೆ ತೆರೆಯಿತು.

ನಂಬರು ಬದಲಿಸಬೇಕಾದರೆ ಬಾಗಿಲಿನ ಒಳಮಗ್ಗುಲಿಗೆ ಒಂದು ಕೆಂಪು ಗುಂಡಿ ಇದೆ, ಮೊದಲು ಅದನ್ನು ಒತ್ತಬೇಕಂತೆ. ದೀಪಾವಳಿಯಲ್ಲಿ ಅದು ಕೂಗಿದ್ದು ಒಪ್ಪಿಗೆಯಲ್ಲ, ತಕರಾರು. ಶೈಲಾ ಬಿಲ್ವಾರ ತೆಗೆದು ಎದೆಗವಚಿಕೊಂಡಳು. ಒಳಗೆ ಲಕ್ಷ್ಮಿಯ ಫೋಟೋ ಇತ್ತು. ಅದರ ಮುಂದೆ, ಒಣಗಿದ ಚೆಂಡುಹೂವಿನ ಕೆಳಗೆ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಕೀಲಿ ಕೂತಿತ್ತು. ಲಕ್ಷ್ಮೀಪೂಜೆಯ ದಿನ ತಿಜೋರಿಯ ಕೀಲಿಗೂ ಪೂಜೆಯಾಗಬೇಕು ಎಂಬುದು ಈ ಮನೆಯ ಪದ್ಧತಿ. ಹಳೆಯ ತಿಜೋರಿಗೂ ಹಾಗೇ ಮಾಡುತ್ತಿದ್ದರು. ಅದರ ಬಾಗಿಲು ಮಾತ್ರ ಕೀಲಿ ಹಾಕದೆ ಮುಚ್ಚುತ್ತಿರಲಿಲ್ಲ.

"ನಾ ಏನ ಹೇಳಿದ್ನಿ?" ಎಂದರು ಅತ್ತೆ. ಅವರು ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದು, ಬಾಗಿಲು ಮತ್ತೆ ಮುಚ್ಚದ ಹಾಗೆ ಸಂದಿನಲ್ಲಿ ಸಿಕ್ಕಿಸಿದರು.

ಭಾನುವಾರ ಕುಬಸ ಚೆನ್ನಾಗಿಯೇ ಆಯಿತು. ಶೈಲಾ ಆರತಿಗೆ ಕೂತಾಗ ಕೈಯನ್ನು ಅಗತ್ಯಕ್ಕಿಂತ ಹೆಚ್ಚೇ ಮುಂದೆ ಚಾಚಿದ್ದಳು. ಅವಳ ಅತ್ತೆ ಸೊಸೆಗೆ ಉಡಿ ತುಂಬಿ, ಬಿಲ್ವಾರವನ್ನು ಒಮ್ಮೆ ಸವರಿ, ನಮ್ಮ ಅತ್ತೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಯಾವಾಗ ತೆರೀತ್ರಿ ಬೀಗತಿ, ನಿನ್ನೆ ಸಂಜಿಕೋ?" ನಮ್ಮ ಅಂಗಡಿಗೆ ಸೀರೆ ನೇಯುವವರ ಪೈಕಿ ಒಬ್ಬರು ನರಗುಂದಕ್ಕೆ ಶನಿವಾರವೇ ಹೋಗಿದ್ದರಂತೆ. ಮಾವನವರು ಪಾಯಸ ಬಡಿಸುವ ಸೌಟನ್ನು ಹಿಡಿದು ಹಾಗೇ ನಿಂತರು. ಆದರೆ ಬೀಗತಿ ನಗುತ್ತಿದ್ದರು. "ಏನ ಸಂಕೋಚರಿ ಅದರಾಗ. ನಿಮ್ಮದು ಕೇಳಿ ನಾವೂ ಒಂದ ತರಿಸೇವಿ, ಮನಿ ಮುಗೀತಲ್ಲ. ಮರೀಬಾರದಂತ ನಮ್ಮವರ ಹುಟ್ಟಿದ ದಿನಾನ ನಂಬರ ಇಟ್ಟೀವಿ."

ಮಾವನವರು ಬೀಗರ ಮುಖ ನೋಡಿದರು. ಬೀಗರು ಎಲೆಯ ಮೇಲಿನ ಉಪ್ಪು ನೋಡಿದರು. ಇಬ್ಬರೂ ಒಂದೇ ಕಾಲದಲ್ಲಿ ಸಾಲಿಗೆ ಹೋದವರು.

ಬಂಗಾರ ಶೈಲಾಳ ಜೊತೆ ನರಗುಂದಕ್ಕೆ ಹೋಯಿತು. ಈಗ ನಮ್ಮ ತಿಜೋರಿಯಲ್ಲಿ ಲಕ್ಷ್ಮಿ ಒಬ್ಬಳೇ ಇದ್ದಾಳೆ. ಕೀಲಿ ಅತ್ತೆಯವರ ಸೊಂಟದಲ್ಲಿದೆ. ಕೆಂಪು ಗುಂಡಿ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಹೊಸ ನಂಬರು ಹಾಕುವುದೊಂದು ಬಾಕಿ. ಅದಕ್ಕೆ ಮಾವನವರು ಮನೆಮಂದಿಯನ್ನೆಲ್ಲ ಕೂಡಿಸಿ ತೀರ್ಮಾನ ಹೇಳಿಬಿಟ್ಟರು: "ನಮ್ಮ ತಾರೀಖ ಯಾವೂ ನಂಬೂ ಹಂಗಿಲ್ಲ. ಸೊಸಿ ಕಲಿತಾಕಿ, ತಾರೀಖಿನ ಮ್ಯಾಲೇ ಪಗಾರ ತಗೊಳ್ಳಾಕಿ. ಆಕಿ ಹುಟ್ಟಿದ ದಿನಾ ಹಾಕೂಣು, ಅದು ಪಕ್ಕಾ ಇರ್ತೈತಿ."

ನಾನು ಹೂಂ ಎಂದೆ. ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನ ತವರು ಅಸೂಟಿಯ ಸಾಲಿಯ ಮಾಸ್ತರರೂ ಉಳಿದ ಮಾಸ್ತರರ ಹಾಗೆಯೇ ಇದ್ದರು. ಮರುದಿನವೇ ಬಸ್ಸು ಹತ್ತಿ ತವರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೇಳಿದೆ. ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ನೀರು ಸವರಿ, "ತಡಿ, ಇದೊಂದ ಸುಡ್ಲಿ" ಎಂದಳು. ಸುಟ್ಟಿತು. ಇನ್ನೊಂದು ಬಡಿದಳು. ಅದಾಗಿ ಎಷ್ಟೋ ಕಾಲವಾಯಿತು. ತಿಜೋರಿಯ ಬಾಗಿಲಿಗೆ ಲಟ್ಟಣಿಗೆ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇದೆ. ಅತ್ತೆಯವರು ಅದು ಕಾಣದಿರಲಿ ಎಂದೇ ಕಸೂತಿಯ ಬಟ್ಟೆ ಹೊದಿಸಿ, ಚಪಾತಿಗೆ ಹೊಸ ಲಟ್ಟಣಿಗೆ ಕೊಂಡಿದ್ದಾರೆ. ಅಸೂಟಿಗೆ ಫೋನು ಮಾಡಿದಾಗಲೆಲ್ಲ ಮಳೆ, ಬೆಳೆ, ಮೊಣಕಾಲ ನೋವು ಎಲ್ಲ ಮುಗಿದ ಮೇಲೆ ನಾನು ಮತ್ತೆ ಕೇಳುತ್ತೇನೆ: "ಅವ್ವಾ, ನಾ ಖರೇ ಯಾವತ್ತ ಹುಟ್ಟೀನಿ?"